ಹೊಗೆಯ ಹಿಂದಿನ ಗಣಿತ: ಸರ್ ರೊನಾಲ್ಡ್ ಫಿಷರ್

ಸ್ಟ್ಯಾಟಿಸ್ಟಿಕ್ಸ್ ಯೂನಿಟ್ ಓದಿ ಪರೀಕ್ಷೆ ಬರೆದ ನಮಗೆಲ್ಲ ಎಫ್-ಟೆಸ್ಟ್ ಗೊತ್ತು. ಟೇಬಲ್ ನೋಡಿ, ಡಿಗ್ರೀಸ್ ಆಫ್ ಫ್ರೀಡಮ್ ಹುಡುಕಿ, ಉತ್ತರ ಬರೆದು ಮಾರ್ಕ್ಸ್ ತಗೊಂಡು ಮರೆತುಬಿಡುತ್ತೇವೆ. ಆ ಎಫ್ ಎಂಬ ಅಕ್ಷರ ಯಾರದ್ದು ಅಂತ ಕೇಳುವಷ್ಟು ಪುರುಸೊತ್ತು ಯಾರಿಗೂ ಇರೋದಿಲ್ಲ. ಅದು ಫಿಷರ್ ಅವರದ್ದು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಸ್ನೆಡೆಕರ್, ಫಿಷರ್ ಅವರ ಗೌರವಾರ್ಥ ಇಟ್ಟ ಹೆಸರು. ಅನೋವಾ, ರ‍್ಯಾಂಡಮೈಸೇಷನ್, ಮ್ಯಾಕ್ಸಿಮಮ್ ಲೈಕ್ಲಿಹುಡ್, ಎಲ್ಲರೂ ಕಣ್ಣುಮುಚ್ಚಿ ಬಳಸುವ ಶೇಕಡಾ 5ರ ಗೆರೆ, ಇವೆಲ್ಲದರ ಹಿಂದೆಯೂ ಇದೇ ಮನುಷ್ಯ ಇದ್ದಾರೆ.

ನಮ್ಮ ಸಂಘದ ಪತ್ರಿಕೆಯಲ್ಲಿ ವಿಜ್ಞಾನಿಗಳ ಜೀವನ ಬರೆಯುವಾಗ ಸಾಮಾನ್ಯವಾಗಿ ಅವರು ಗೆದ್ದ ಕಥೆಯನ್ನೇ ಹೇಳುತ್ತೇವೆ. ಈ ಸಲ ಗೆದ್ದ ಕಥೆಯ ಜೊತೆಗೆ ಸೋತ ಕಥೆಯನ್ನೂ ಹೇಳಬೇಕು ಅನ್ನಿಸಿತು. ಯಾಕೆಂದರೆ ಫಿಷರ್ ತಮ್ಮ ಬದುಕಿನ ಕೊನೆಯ ಐದಾರು ವರ್ಷ ಜಗಳವಾಡಿದ್ದು ಸಿಗರೇಟಿನ ವಿಷಯದಲ್ಲಿ. ಸಿಗರೇಟ್ ಸೇದಿದರೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬುದನ್ನು ಆ ಕಾಲದ ಅತಿ ದೊಡ್ಡ ಸಂಖ್ಯಾಶಾಸ್ತ್ರಜ್ಞ ಕೊನೆಯವರೆಗೂ ಒಪ್ಪಲಿಲ್ಲ. ಒಬ್ಬ ಮನುಷ್ಯನ ಸಂಶಯ ಎಷ್ಟು ದೂರ ಹೋಗಬಹುದು, ಅಪಾಯ ಇದೆ ಅಥವಾ ಇಲ್ಲ ಅನ್ನುವ ನಂಬಿಕೆ ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಏನೆಲ್ಲ ಮಾಡಬಹುದು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜೀವನಕಥೆ ನಮಗೆ ಸಿಗಲಿಲ್ಲ.

ಕಣ್ಣು ಮಂದ, ಮನಸ್ಸು ಚುರುಕು

ರೊನಾಲ್ಡ್ ಐಲ್ಮರ್ ಫಿಷರ್ ಹುಟ್ಟಿದ್ದು 1890ರ ಫೆಬ್ರವರಿ 17ರಂದು, ಲಂಡನ್ನಿನ ಈಸ್ಟ್ ಫಿಂಚ್ಲಿಯಲ್ಲಿ. ತಂದೆ ಕಲಾವಸ್ತುಗಳನ್ನು ಹರಾಜು ಹಾಕುವ ವ್ಯಾಪಾರಿ, ಕೈತುಂಬ ದುಡ್ಡಿದ್ದ ಮನೆ. ಹುಡುಗನಿಗೆ ಹದಿನಾಲ್ಕು ವರ್ಷವಾದಾಗ ತಾಯಿ ತೀರಿಕೊಂಡರು. ಅದಾದ ಸ್ವಲ್ಪ ಕಾಲಕ್ಕೆ ತಂದೆಯ ವ್ಯಾಪಾರವೂ ಮುಳುಗಿತು. ಅಲ್ಲಿಂದ ಮುಂದೆ ಓದಿದ್ದೆಲ್ಲ ಸ್ಕಾಲರ್‌ಶಿಪ್ ಬಲದಿಂದಲೇ.

ಫಿಷರ್ ಅವರ ಕಣ್ಣು ಬಹಳ ಮಂದ. ಹ್ಯಾರೋ ಶಾಲೆಯಲ್ಲಿದ್ದಾಗ ದೀಪದ ಬೆಳಕಿನಲ್ಲಿ ಓದಲೇಬಾರದು ಅಂತ ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಸಂಜೆಯ ಗಣಿತ ಪಾಠ ಪೆನ್ಸಿಲ್ಲೂ ಇಲ್ಲ, ಹಾಳೆಯೂ ಇಲ್ಲ, ಬರೀ ಬಾಯಿಮಾತಿನಲ್ಲಿ ನಡೆಯುತ್ತಿತ್ತು. ಹುಡುಗ ಎಲ್ಲವನ್ನೂ ತಲೆಯೊಳಗೇ ಚಿತ್ರ ಮಾಡಿಕೊಂಡು ಬಿಡಿಸಬೇಕಾಗಿತ್ತು. ಇದರಿಂದ ಒಂದು ವಿಚಿತ್ರ ಶಕ್ತಿ ಬಂತು. ಮುಂದೆ ದೊಡ್ಡ ದೊಡ್ಡ ಸಮಸ್ಯೆಗಳನ್ನು ಅವರು ಬಹು ಆಯಾಮದ ಜಾಗದಲ್ಲಿನ ಬಿಂದು, ಗೆರೆ, ಕೋನಗಳಾಗಿ ನೋಡಿ ಥಟ್ಟನೆ ಉತ್ತರ ಹೇಳುತ್ತಿದ್ದರು. ನಡುವಿನ ಮೆಟ್ಟಿಲುಗಳನ್ನು ಬರೆಯುತ್ತಲೇ ಇರಲಿಲ್ಲ. ಓದುವವರಿಗೆ ತಲೆನೋವು! ನಮ್ಮ ಲೆಕ್ಚರರ್‌ಗಳ ಕೈಗೆ ಸಿಕ್ಕಿದ್ದರೆ ಸ್ಟೆಪ್ಸ್ ಇಲ್ಲ ಅಂತ ಅರ್ಧ ಮಾರ್ಕ್ಸ್ ಕತ್ತರಿಸಿಬಿಡುತ್ತಿದ್ದರು.

1909ರಲ್ಲಿ ಕೇಂಬ್ರಿಜ್‌ನ ಗಾನ್ವಿಲ್ ಅಂಡ್ ಕೀಸ್ ಕಾಲೇಜು ಸೇರಿ, 1912ರಲ್ಲಿ ಪದವಿ ಮುಗಿಸಿದರು. ಆಮೇಲೆ ನಮ್ಮಲ್ಲಿ ಅನೇಕರಿಗೆ ಆಗುವಂತೆಯೇ ಅವರಿಗೂ ದಾರಿ ಸರಿಯಾಗಿ ಕಾಣಲಿಲ್ಲ. ಲಂಡನ್ನಿನ ಒಂದು ಹೂಡಿಕೆ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿದರು. ಮೊದಲ ಮಹಾಯುದ್ಧ ಶುರುವಾದಾಗ ಸೈನ್ಯಕ್ಕೆ ಸೇರಲು ಹೋದರು, ಕಣ್ಣಿನ ಕಾರಣಕ್ಕೆ ಬೇಡ ಅಂದರು. ಯುದ್ಧ ಮುಗಿಯುವವರೆಗೆ ಶಾಲೆಗಳಲ್ಲಿ ಮೇಷ್ಟ್ರಾಗಿದ್ದರು. 1917ರಲ್ಲಿ ರೂತ್ ಐಲೀನ್ ಎಂಬ ಹುಡುಗಿಯನ್ನು ಮದುವೆಯಾಗಿ, ಜೊತೆಗೆ ಒಂದಿಷ್ಟು ಜಮೀನು ಹಿಡಿದು ಬೇಸಾಯವನ್ನೂ ಮಾಡಿದರು.

ಗೊಬ್ಬರದ ಗುಂಡಿಯಿಂದ ಹೊಸ ಶಾಸ್ತ್ರ

1919ರಲ್ಲಿ ಎರಡು ಕೆಲಸಗಳು ಒಟ್ಟಿಗೆ ಎದುರಿಗೆ ಬಂದವು. ಒಂದು, ಲಂಡನ್ನಿನಲ್ಲಿ ಕಾರ್ಲ್ ಪಿಯರ್ಸನ್ ಅವರ ಹೆಸರಾಂತ ಪ್ರಯೋಗಾಲಯದ್ದು. ಇನ್ನೊಂದು, ಹಳ್ಳಿಗಾಡಿನಲ್ಲಿದ್ದ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹುದ್ದೆ. ಫಿಷರ್ ಆರಿಸಿಕೊಂಡಿದ್ದು ಎರಡನೆಯದನ್ನು. ಪಿಯರ್ಸನ್ ಕೈಕೆಳಗೆ ತಮ್ಮ ಮನಸ್ಸಿಗೆ ಬಂದದ್ದನ್ನು ಹೇಳಲು ಆಗುವುದಿಲ್ಲ ಎಂಬ ಅನುಮಾನ ಅವರಿಗಿತ್ತು. ಯಾರ ಮಾತಿಗೂ ತಲೆಬಾಗದ ಸ್ವಭಾವ ಆಗಲೇ ಗಟ್ಟಿಯಾಗಿತ್ತು.

ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಗೊಬ್ಬರದ ಪ್ರಯೋಗಗಳು ನಡೆದಿದ್ದವು. ಯಾವ ಗದ್ದೆಗೆ ಯಾವ ಗೊಬ್ಬರ, ಎಷ್ಟು ಮಳೆ, ಎಷ್ಟು ಗೋಧಿ ಅಂತ ದಶಕಗಟ್ಟಲೆ ಲೆಕ್ಕ ರಾಶಿ ಬಿದ್ದಿತ್ತು. ಆ ರಾಶಿಯನ್ನು ಕೆದಕುವುದೇ ಫಿಷರ್ ಕೆಲಸ. ಕೆದಕುತ್ತಾ ಹೋದಂತೆ ಒಂದು ಸತ್ಯ ಸ್ಪಷ್ಟವಾಯಿತು. ಪ್ರಯೋಗ ಮುಗಿದ ಮೇಲೆ ಎಷ್ಟೇ ಲೆಕ್ಕ ಹಾಕಿದರೂ, ಪ್ರಯೋಗವನ್ನೇ ತಪ್ಪಾಗಿ ಮಾಡಿದ್ದರೆ ಪ್ರಯೋಜನವಿಲ್ಲ. ಫಲವತ್ತಾದ ಗದ್ದೆಗೆ ಹೊಸ ಗೊಬ್ಬರ, ಬರಡು ಗದ್ದೆಗೆ ಹಳೆಯ ಗೊಬ್ಬರ ಹಾಕಿದರೆ ಗೆದ್ದದ್ದು ಗೊಬ್ಬರವೋ ಮಣ್ಣೋ ಹೇಳುವುದು ಹೇಗೆ? ಫಿಷರ್ ಕೊಟ್ಟ ಉತ್ತರ ಸರಳ. ಯಾವ ತುಂಡಿಗೆ ಯಾವ ಗೊಬ್ಬರ ಅನ್ನುವುದನ್ನು ಮನುಷ್ಯ ನಿರ್ಧರಿಸಬಾರದು, ಚೀಟಿ ಎತ್ತಿ ನಿರ್ಧರಿಸಬೇಕು. ಆಗ ನಮಗೆ ಗೊತ್ತಿರುವ, ಗೊತ್ತಿಲ್ಲದ ಎಲ್ಲ ವ್ಯತ್ಯಾಸಗಳೂ ಎರಡೂ ಕಡೆ ಹಂಚಿಹೋಗುತ್ತವೆ. ಇದೇ ರ‍್ಯಾಂಡಮೈಸೇಷನ್. ಇವತ್ತು ಹೊಸ ಔಷಧಿ ಮಾರುಕಟ್ಟೆಗೆ ಬರಬೇಕಾದರೂ ಈ ಬಾಗಿಲು ದಾಟಲೇಬೇಕು.

ಅಲ್ಲಿಯದೇ ಒಂದು ಚಹಾದ ಕಥೆ ಬಹಳ ಪ್ರಸಿದ್ಧ. ಪಾಚಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಮ್ಯೂರಿಯಲ್ ಬ್ರಿಸ್ಟಲ್ ಎಂಬ ಸಹೋದ್ಯೋಗಿ, ಕಪ್ಪಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಎಂಬುದನ್ನು ಕುಡಿದೇ ಹೇಳಬಲ್ಲೆ ಅಂದರಂತೆ. ಎಂಟು ಕಪ್, ನಾಲ್ಕು ಈ ಥರ, ನಾಲ್ಕು ಆ ಥರ, ಮನಸ್ಸಿಗೆ ಬಂದ ಹಾಗೆ ಬೆರೆಸಿ ಕೊಟ್ಟರೆ ಏನಾಗುತ್ತದೆ ಎಂದು ಫಿಷರ್ ಲೆಕ್ಕ ಹಾಕಿದರು. ಎಂಟರಲ್ಲಿ ನಾಲ್ಕನ್ನು ಆರಿಸುವ ರೀತಿಗಳು 70. ಬರೀ ಅಂದಾಜಿನಲ್ಲಿ ಹೇಳಿದರೆ ಎಲ್ಲವೂ ಸರಿಯಾಗುವ ಸಂಭವ 70ರಲ್ಲಿ 1, ಅಂದರೆ ಶೇಕಡಾ 1.4. ಒಂದು ಜೋಡಿ ತಪ್ಪಿದರೂ ಪರವಾಗಿಲ್ಲ ಅಂದುಬಿಟ್ಟರೆ ಸಂಭವ 70ರಲ್ಲಿ 17ಕ್ಕೆ ಏರಿಬಿಡುತ್ತದೆ, ಆಗ ಅದು ಪುರಾವೆಯೇ ಅಲ್ಲ. ಆಕೆ ಎಂಟನ್ನೂ ಸರಿಯಾಗಿ ಹೇಳಿದರು ಅಂತ ಅಲ್ಲಿದ್ದವರು ಹೇಳಿಕೊಂಡು ಬಂದಿದ್ದಾರೆ. ಈ ಎಂಟು ಕಪ್ಪಿನ ಲೆಕ್ಕವೇ ಫಿಷರ್ಸ್ ಎಕ್ಸಾಕ್ಟ್ ಟೆಸ್ಟ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1925ರಲ್ಲಿ ಸಂಶೋಧಕರಿಗಾಗಿ ಬರೆದ ಸಂಖ್ಯಾಶಾಸ್ತ್ರದ ಪುಸ್ತಕ, 1930ರಲ್ಲಿ ಡಾರ್ವಿನ್ ಮತ್ತು ಮೆಂಡೆಲ್ ಇಬ್ಬರನ್ನೂ ಗಣಿತದಿಂದ ಜೋಡಿಸಿದ ಗ್ರಂಥ, 1935ರಲ್ಲಿ ಪ್ರಯೋಗಗಳ ವಿನ್ಯಾಸದ ಪುಸ್ತಕ. ಹತ್ತೇ ವರ್ಷದಲ್ಲಿ ಮೂರು ಪುಸ್ತಕ, ಒಂದೊಂದೂ ಒಂದೊಂದು ಶಾಸ್ತ್ರದ ದಿಕ್ಕು ಬದಲಿಸಿತು. 1933ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರೊಫೆಸರ್ ಆದರು, 1943ರಲ್ಲಿ ಕೇಂಬ್ರಿಜ್‌ನಲ್ಲಿ ತಳಿಶಾಸ್ತ್ರದ ಪ್ರೊಫೆಸರ್. ಅದೇ ವರ್ಷ ವಾಯುಪಡೆಯಲ್ಲಿದ್ದ ಹಿರಿಯ ಮಗ ಜಾರ್ಜ್ ಯುದ್ಧದಲ್ಲಿ ತೀರಿಹೋದ. 1952ರಲ್ಲಿ ಸರ್ ಪದವಿ ಬಂತು.

ಒಂದು ಕಪ್ಪು ಚುಕ್ಕೆಯನ್ನೂ ಇಲ್ಲಿ ಹೇಳಬೇಕು. ಫಿಷರ್ ಸುಪ್ರಜನನವಾದಿ. ಯಾರಿಗೆ ಹೆಚ್ಚು ಮಕ್ಕಳಾಗಬೇಕು, ಯಾರಿಗೆ ಆಗಬಾರದು ಎಂದು ಸಮಾಜ ಯೋಚಿಸಬೇಕು ಅನ್ನುವ ವಿಚಾರವನ್ನು ಜೀವನವಿಡೀ ಬಿಡಲಿಲ್ಲ. ಇದೇ ಕಾರಣಕ್ಕೆ 2020ರಲ್ಲಿ ಅವರ ಕಾಲೇಜೇ ಅವರ ನೆನಪಿನ ಬಣ್ಣದ ಗಾಜಿನ ಕಿಟಕಿಯನ್ನು ತೆಗೆಯಲು ತೀರ್ಮಾನಿಸಿತು. ಎಲ್ಲದಕ್ಕೂ ಹುಟ್ಟಿನ ಗುಣವೇ ಮೂಲ ಎಂಬ ಒಲವು ಅವರಲ್ಲಿ ಆಳವಾಗಿತ್ತು. ಸಿಗರೇಟಿನ ಜಗಳದಲ್ಲೂ ಅದೇ ಮುಂದೆ ಬಂತು.

ನಮ್ಮ ಹಡಗಲಿಯ ನಂಟು

ಫಿಷರ್ ಅವರಿಗೂ ಭಾರತಕ್ಕೂ ಗಟ್ಟಿ ನಂಟಿದೆ. ಪ್ರಶಾಂತಚಂದ್ರ ಮಹಲನೋಬಿಸ್ ಕಟ್ಟಿದ ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಅವರು ಹಲವು ಸಲ ಬಂದಿದ್ದರು. 1938ರ ಜನವರಿಯಲ್ಲಿ ಅಲ್ಲಿ ನಡೆದ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅಷ್ಟೇ ಅಲ್ಲ, ಕೇಂಬ್ರಿಜ್‌ನಲ್ಲಿ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರು ಸಿ. ಆರ್. ರಾವ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ! ಫಿಷರ್ ಸಾಕಿದ್ದ ಇಲಿಗಳ ತಳಿ ಲೆಕ್ಕದಲ್ಲೂ ರಾವ್ ಕೈಜೋಡಿಸಿದ್ದರು. ಕ್ರಾಮರ್-ರಾವ್ ಬೌಂಡ್ ಎಂಬ ಹೆಸರು ಸಿಗ್ನಲ್ ಪ್ರೊಸೆಸಿಂಗ್ ಓದುವ ಎಲೆಕ್ಟ್ರಾನಿಕ್ಸ್ ಗೆಳೆಯರಿಗೆ ಹೊಸದೇನಲ್ಲ.

ಒಂದು ಇಡೀ ದೇಶ ಸೇದುತ್ತಿತ್ತು

ಈಗ ಮುಖ್ಯ ವಿಷಯಕ್ಕೆ ಬರೋಣ. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಬ್ರಿಟನ್ನಿನ ಗಂಡಸರಲ್ಲಿ ಐವರಿಗೆ ನಾಲ್ವರು ತಂಬಾಕು ಸೇದುತ್ತಿದ್ದರು. ಸೈನಿಕರಿಗೆ ಊಟದ ಜೊತೆ ಸಿಗರೇಟ್ ಕೊಡುತ್ತಿದ್ದ ಕಾಲ. ವೈದ್ಯರೂ ಸೇದುತ್ತಿದ್ದರು, ಪ್ರೊಫೆಸರುಗಳೂ ಸೇದುತ್ತಿದ್ದರು. ಫಿಷರ್ ಅವರ ಹಳೆಯ ಫೋಟೋಗಳಲ್ಲಿ ಬಾಯಲ್ಲೋ ಕೈಯಲ್ಲೋ ಪೈಪ್ ಕಾಣುತ್ತದೆ. ಆ ಪೀಳಿಗೆಯ ಹುಡುಗರು ಸೇದಲು ಶುರುಮಾಡುವಾಗ ಅಪಾಯವನ್ನು ತೂಗಿ ನೋಡಲಿಲ್ಲ. ತೂಗಿ ನೋಡಬೇಕಾದದ್ದು ಇದೆ ಅಂತಲೇ ಅವರಿಗೆ ಯಾರೂ ಹೇಳಿರಲಿಲ್ಲ.

ಆದರೆ ಸಾವಿನ ಲೆಕ್ಕ ಏರುತ್ತಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ 1922ರಲ್ಲಿ ಸತ್ತವರು 612 ಮಂದಿ, 1947ರಲ್ಲಿ 9,287. ಇಪ್ಪತ್ತೈದು ವರ್ಷಕ್ಕೆ ಹದಿನೈದು ಪಟ್ಟು. ಕಾರಣ ಹುಡುಕಲು ಹೊರಟವರು ರಿಚರ್ಡ್ ಡಾಲ್ ಎಂಬ ಯುವ ವೈದ್ಯ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞ. ಹಿಲ್ ಬೇರೆ ಯಾರೋ ಅಲ್ಲ. ಫಿಷರ್ ಗದ್ದೆಯಲ್ಲಿ ಮಾಡಿದ ಚೀಟಿ ಎತ್ತುವ ವಿಧಾನವನ್ನು ಕ್ಷಯರೋಗದ ಸ್ಟ್ರೆಪ್ಟೊಮೈಸಿನ್ ಪ್ರಯೋಗದ ಮೂಲಕ ಆಸ್ಪತ್ರೆಗೆ ತಂದು 1948ರಲ್ಲಿ ಹೆಸರು ಮಾಡಿದವರು. ಡಾಲ್ ಅವರಿಗೆ ಮೊದಲು ಅನುಮಾನವಿದ್ದದ್ದು ರಸ್ತೆಗೆ ಹಾಕುವ ಡಾಂಬರಿನ ಮೇಲೆ.

ಲಂಡನ್ನಿನ 20 ಆಸ್ಪತ್ರೆಗಳಲ್ಲಿ ರೋಗಿಗಳನ್ನು ಮಾತಾಡಿಸಿ 1950ರ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಫಲಿತಾಂಶ ಪ್ರಕಟಿಸಿದರು. ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಸೇದದೇ ಇದ್ದವರು ಇಬ್ಬರೇ. ಬೇರೆ ಕಾಯಿಲೆಗಳ 649 ಗಂಡಸರಲ್ಲಿ ಸೇದದವರು 27. ಇದು ಕಾಕತಾಳೀಯವಾಗಿ ಬಂದಿರಬಹುದಾದ ಸಂಭವ ಎಷ್ಟು ಎಂದು ಲೆಕ್ಕ ಹಾಕಿದರೆ ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಆ ಲೆಕ್ಕಕ್ಕೆ ಬಳಸಿದ ವಿಧಾನ ಯಾವುದು ಗೊತ್ತಾ? ಅದೇ, ಎಂಟು ಕಪ್ ಚಹಾದ ಎಕ್ಸಾಕ್ಟ್ ಟೆಸ್ಟ್. ಡಾಲ್ ತಮ್ಮ ಕೆಲಸದ ನಡುವೆಯೇ ಸಿಗರೇಟ್ ಬಿಟ್ಟರು.

ಆಸ್ಪತ್ರೆಯ ರೋಗಿಗಳನ್ನು ಹಿಂದಿನದನ್ನು ಕೇಳುವುದು ಸಾಲದು ಅಂತ 1951ರಲ್ಲಿ ಬ್ರಿಟನ್ನಿನ ವೈದ್ಯರಿಗೆಲ್ಲ ಪತ್ರ ಬರೆದು, ಉತ್ತರಿಸಿದ ಸುಮಾರು 40,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದರು. 1956ರ ವರದಿಯಲ್ಲಿ ಅಂಕಿ ನೇರವಾಗಿತ್ತು. ಸೇದದ ವೈದ್ಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ವರ್ಷಕ್ಕೆ 1,000ಕ್ಕೆ 0.07, ವಿಪರೀತ ಸೇದುವವರಲ್ಲಿ 1.66. ಸೇದುವ ಪ್ರಮಾಣ ಹೆಚ್ಚಿದಂತೆ ಸಾವೂ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿತ್ತು. 1957ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್, ಸೇದುವುದೇ ಕಾರಣ ಎಂದು ಹೇಳಿತು. ಜನರಿಗೆ ಗಟ್ಟಿಯಾಗಿ ಎಚ್ಚರಿಕೆ ಕೊಡಬೇಕು ಅಂತ ಬ್ರಿಟಿಷ್ ಮೆಡಿಕಲ್ ಜರ್ನಲ್ ಸಂಪಾದಕೀಯ ಬರೆಯಿತು.

ಫಿಷರ್ ರೇಗಿದ್ದು ಆಗಲೇ.

ಮೂರು ಆಕ್ಷೇಪಣೆ

ಫಿಷರ್ ಮೊದಲು ಆ ಜರ್ನಲ್‌ಗೆ ಪತ್ರ ಬರೆದರು, ನಂತರ 1958ರಲ್ಲಿ ನೇಚರ್ ಪತ್ರಿಕೆಗೆ ಬರೆದರು, 1959ರಲ್ಲಿ ಎಲ್ಲವನ್ನೂ ಸೇರಿಸಿ ಒಂದು ಚಿಕ್ಕ ಪುಸ್ತಕ ತಂದರು. ಅವರ ವಾದವನ್ನು ನಾವು ನ್ಯಾಯವಾಗಿಯೇ ಹೇಳಬೇಕು. ಅದು ಮೂರ್ಖರ ವಾದವಲ್ಲ.

ಮೊದಲನೆಯದು ನಮ್ಮ ಹಿರಿಯರು ಹೇಳುವ ಮಾತೇ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಯಾರು ಸೇದಬೇಕು ಎಂಬುದನ್ನು ಇಲ್ಲಿ ಚೀಟಿ ಎತ್ತಿ ನಿರ್ಧರಿಸಿಲ್ಲ, ಜನ ತಾವಾಗಿಯೇ ಆರಿಸಿಕೊಂಡಿದ್ದಾರೆ. ಹುಟ್ಟಿನಿಂದಲೇ ಬರುವ ಯಾವುದೋ ಗುಣ ಸೇದುವ ಆಸೆಯನ್ನೂ ಕ್ಯಾನ್ಸರನ್ನೂ ಒಟ್ಟಿಗೇ ತರುತ್ತಿರಬಹುದು. ಇದಕ್ಕೆ ಪುರಾವೆಯಾಗಿ ಜರ್ಮನಿಯಿಂದ ಅವಳಿಗಳ ಅಂಕಿಅಂಶ ತರಿಸಿದರು. ತದ್ರೂಪಿ ಅವಳಿಗಳ ಸೇದುವ ಅಭ್ಯಾಸ, ಸಾಮಾನ್ಯ ಅವಳಿಗಳಿಗಿಂತ ಹೆಚ್ಚು ಹೋಲುತ್ತಿತ್ತು.

ಎರಡನೆಯದು, ಹಿಂದುಮುಂದಿನ ಪ್ರಶ್ನೆ. ಕ್ಯಾನ್ಸರ್ ಪೂರ್ತಿ ಕಾಣಿಸಿಕೊಳ್ಳುವ ಮೊದಲೇ ಶ್ವಾಸಕೋಶದಲ್ಲಿ ಆಗುವ ಕಿರಿಕಿರಿಗೆ ಸಮಾಧಾನ ಹುಡುಕಿ ಜನ ಹೆಚ್ಚು ಸೇದುತ್ತಿರಬಹುದಲ್ಲ?

ಮೂರನೆಯದು, 1950ರ ಅಂಕಿಗಳಲ್ಲೇ ಇದ್ದ ಒಂದು ವಿಚಿತ್ರ. ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತೀರಾ ಎಂದು ಕೇಳಿದಾಗ, ಹೌದು ಎಂದವರು ಕ್ಯಾನ್ಸರ್ ರೋಗಿಗಳಲ್ಲಿ ಉಳಿದವರಿಗಿಂತ ಸ್ವಲ್ಪ ಕಡಿಮೆ ಇದ್ದರು. ಹೊಗೆಯೇ ಕಾರಣವಾದರೆ ಇದು ಉಲ್ಟಾ ಅಲ್ಲವೇ ಎಂದು ಫಿಷರ್ ಕೆಣಕಿದರು.

ಉತ್ತರವೂ ಗಣಿತದಲ್ಲೇ ಬಂತು

1959ರಲ್ಲಿ ಅಮೆರಿಕದ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು ಉತ್ತರ ಬರೆದರು. ಅದರ ತಿರುಳು ನಮ್ಮ ನೋಟ್‌ಬುಕ್ಕಿನ ಅರ್ಧ ಪುಟದಲ್ಲಿ ಹಿಡಿಸುತ್ತದೆ. ಸೇದುವವರ ಅಪಾಯ ಸೇದದವರ ಒಂಬತ್ತು ಪಟ್ಟು ಅಂತ ಇಟ್ಟುಕೊಳ್ಳಿ. ಸಿಗರೇಟಿನ ತಪ್ಪು ಏನೇನೂ ಇಲ್ಲ, ಎಲ್ಲವೂ ಆ ಗುಪ್ತ ಗುಣದ್ದೇ ಅನ್ನುವುದಾದರೆ, ಆ ಗುಣ ಸೇದುವವರಲ್ಲಿ ಸೇದದವರಿಗಿಂತ ಕನಿಷ್ಠ ಒಂಬತ್ತು ಪಟ್ಟು ಹೆಚ್ಚು ಇರಲೇಬೇಕು. ಸೇದದವರಲ್ಲಿ ಶೇಕಡಾ 10 ಮಂದಿಗೆ ಅದು ಇದ್ದರೆ ಸೇದುವವರಲ್ಲಿ ಶೇಕಡಾ 90 ಮಂದಿಗೆ ಇರಬೇಕು. ಸೇದದವರಲ್ಲಿ ಶೇಕಡಾ 12 ಇದ್ದರೆ ಸೇದುವವರಲ್ಲಿ ಶೇಕಡಾ 108 ಇರಬೇಕಾಗುತ್ತದೆ. ನೂರಕ್ಕೆ ನೂರೆಂಟು ಜನ ಎಲ್ಲಿಂದ ತರೋದು? ಅಂಥ ಭಾರೀ ಗುಣ ಯಾವುದಾದರೂ ಇದ್ದರೆ ಯಾರ ಕಣ್ಣಿಗೂ ಬೀಳದೇ ಇರುತ್ತಿತ್ತೇ?

ಇನ್ನೂ ಇದೆ. ಹುಟ್ಟಿನ ಗುಣ ಇಪ್ಪತ್ತೈದು ವರ್ಷದಲ್ಲಿ ಹದಿನೈದು ಪಟ್ಟು ಏರುವುದಿಲ್ಲ, ಸಾವು ಏರಿತ್ತು. ಸಿಗರೇಟ್ ಬಿಟ್ಟವರ ಅಪಾಯ ವರ್ಷ ಕಳೆದಂತೆ ಇಳಿಯುತ್ತಿತ್ತು, ಬಿಟ್ಟಮಾತ್ರಕ್ಕೆ ಯಾರ ವಂಶವಾಹಿಯೂ ಬದಲಾಗುವುದಿಲ್ಲ. ಕಿರಿಕಿರಿಯ ವಾದಕ್ಕೂ ಉತ್ತರವಿತ್ತು. ಜನ ಸೇದಲು ಶುರುಮಾಡುವುದು ಹದಿಹರೆಯದಲ್ಲಿ, ಕ್ಯಾನ್ಸರ್ ಬರುವುದು ಮೂವತ್ತು ನಲವತ್ತು ವರ್ಷದ ನಂತರ. ಅಷ್ಟು ಮುಂಚೆ ಯಾವ ಕಿರಿಕಿರಿ ಬಂದೀತು? ಹೊಗೆ ಎಳೆದುಕೊಳ್ಳುವ ಪ್ರಶ್ನೆಗೆ ಜನ ತಮ್ಮ ಬಗ್ಗೆ ಹೇಳುವ ಉತ್ತರವೇ ಅಷ್ಟು ನಂಬಿಕೆಗೆ ಅರ್ಹವಲ್ಲ.

ಫಿಷರ್ ಅವರ ಊಹೆಯಲ್ಲಿ ಒಂದು ಕಾಳು ಸತ್ಯವಿತ್ತು. 15ನೇ ಕ್ರೋಮೋಸೋಮ್‌ನಲ್ಲಿ ನಿಕೋಟಿನ್‌ಗೆ ಸಂಬಂಧಿಸಿದ ಒಂದು ವ್ಯತ್ಯಾಸವನ್ನು 2008ರಲ್ಲಿ ಪತ್ತೆಹಚ್ಚಿದರು. ಅದಿದ್ದವರು ಹೆಚ್ಚು ಸೇದುತ್ತಾರೆ, ಅವರಲ್ಲಿ ಶ್ವಾಸಕೋಶದ ಕ್ಯಾನ್ಸರೂ ಸ್ವಲ್ಪ ಹೆಚ್ಚು. ಆದರೆ ಆ ಹೆಚ್ಚಳ ಒಂಬತ್ತು ಪಟ್ಟಲ್ಲ, ಸುಮಾರು ಶೇಕಡಾ 30. ಅದೂ ಬಹುಪಾಲು ಸಿಗರೇಟಿನ ಮೂಲಕವೇ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು

ಇಷ್ಟು ಜಾಣ ಮನುಷ್ಯ ಯಾಕೆ ಒಪ್ಪಲಿಲ್ಲ? ತಂಬಾಕು ತಯಾರಕರ ಸ್ಥಾಯಿ ಸಮಿತಿಗೆ ಅವರು ಸಲಹೆಗಾರರಾಗಿದ್ದರು ಎಂಬುದು ನಿಜ. ದುಡ್ಡಿಗಾಗಿ ಹೀಗೆ ಮಾಡಿದರು ಅಂತ ಆಗಲೇ ಕೆಲವರು ಆಡಿಕೊಂಡರು. ಅವರನ್ನು ಹತ್ತಿರದಿಂದ ಬಲ್ಲವರು ಅದನ್ನು ನಂಬಲಿಲ್ಲ. ದುಡ್ಡಿಗೆ ಮಾತು ಬದಲಿಸುವ ಜಾಯಮಾನ ಅವರದ್ದಲ್ಲ. ಜನರನ್ನು ಹೆದರಿಸಿ ದಾರಿಗೆ ತರುವ ಉಪದೇಶಕರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಎಲ್ಲದರಲ್ಲೂ ಹುಟ್ಟಿನ ಗುಣ ಹುಡುಕುವ ಒಲವು ಇತ್ತು. ತಾವೇ ಕಟ್ಟಿದ ರ‍್ಯಾಂಡಮೈಸೇಷನ್ ಇಲ್ಲದ ಜಾಗದಲ್ಲಿ ಬೇರೆಯವರು ಕಾರಣ ಹೇಳಿದ್ದು ಸಹಿಸಲಿಲ್ಲ. ಜೊತೆಗೆ ಕೈಯಲ್ಲಿ ಪೈಪ್ ಇತ್ತು.

ಈ ಕೊನೆಯ ಮಾತನ್ನು ತಮಾಷೆಗೆ ಹೇಳುತ್ತಿಲ್ಲ. ಸೇದುವವರು ಅಪಾಯವನ್ನು, ಅದರಲ್ಲೂ ತಮಗೆ ಬರುವ ಅಪಾಯವನ್ನು, ಸೇದದವರಿಗಿಂತ ಕಡಿಮೆ ಅಂದುಕೊಳ್ಳುತ್ತಾರೆ ಎಂಬುದನ್ನು ಆಮೇಲಿನ ಎಷ್ಟೋ ಅಧ್ಯಯನಗಳು ತೋರಿಸಿವೆ. ಫಿಷರ್ ಅವರ ಗಣಿತ ಅವರನ್ನು ಇದರಿಂದ ಕಾಪಾಡಲಿಲ್ಲ. ತಮಗೆ ಬೇಡವಾದ ಅಂಕಿಗಳಲ್ಲಿ ಹತ್ತು ತಪ್ಪು ಹುಡುಕಿದ ಅದೇ ಕಣ್ಣು, ಅವಳಿಗಳ ಸಣ್ಣ ಪಟ್ಟಿಯನ್ನು ಸುಲಭವಾಗಿ ನಂಬಿತು.

ನಿವೃತ್ತಿಯ ನಂತರ 1959ರಲ್ಲಿ ಫಿಷರ್ ಆಸ್ಟ್ರೇಲಿಯಾದ ಅಡಿಲೇಡ್‌ಗೆ ಹೋಗಿ ನೆಲೆಸಿದರು. 1962ರ ಮಾರ್ಚ್‌ನಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ ತನ್ನ ಪ್ರಸಿದ್ಧ ವರದಿ ಹೊರತಂದು, ಜಾಹೀರಾತಿಗೆ ಕಡಿವಾಣ ಹಾಕಬೇಕು, ಶಾಲಾ ಮಕ್ಕಳಿಗೆ ವಿಷಯ ತಿಳಿಸಬೇಕು ಎಂದಿತು. ಅದೇ ವರ್ಷ ಜುಲೈ 29ರಂದು, ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ನಂತರ, 72ನೇ ವಯಸ್ಸಿನಲ್ಲಿ ಫಿಷರ್ ತೀರಿಕೊಂಡರು. 1964ರ ಜನವರಿಯಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಬಂದು ವೈಜ್ಞಾನಿಕ ಚರ್ಚೆ ಹೆಚ್ಚುಕಡಿಮೆ ಮುಗಿಯಿತು.

ಸಂಶಯ ಯಾರಿಗೆ ಬೇಕಾಗಿತ್ತು?

ಚರ್ಚೆ ಮುಗಿದರೂ ಸಂಶಯ ಮುಗಿಯಲಿಲ್ಲ. ಕಂಪನಿಗಳಿಗೆ ಸಿಗರೇಟ್ ಒಳ್ಳೆಯದು ಅಂತ ಸಾಬೀತು ಮಾಡುವ ಅಗತ್ಯವೇ ಇರಲಿಲ್ಲ. ವಿಜ್ಞಾನಿಗಳೇ ಒಪ್ಪಿಲ್ಲವಂತೆ ಎಂಬ ಒಂದು ಮಾತು ಗಾಳಿಯಲ್ಲಿದ್ದರೆ ಸಾಕಿತ್ತು. ಐವತ್ತು ವರ್ಷದ ಹಳೆಯ ಚಟದವರು ಹೇಗೂ ಸೇದುತ್ತಾರೆ. ಆ ಮಾತಿನಿಂದ ನಿಜವಾದ ವ್ಯತ್ಯಾಸ ಆಗುವುದು ಇನ್ನೂ ಶುರುಮಾಡದ ಹುಡುಗ ಹುಡುಗಿಯರಲ್ಲಿ.

ಅಪಾಯದ ನಂಬಿಕೆಗೂ ಸೇದಲು ಶುರುಮಾಡುವುದಕ್ಕೂ ನಿಜವಾಗಿ ನಂಟಿದೆಯೇ? ಕ್ಯಾಲಿಫೋರ್ನಿಯಾದ ಎರಡು ಹೈಸ್ಕೂಲುಗಳ 395 ವಿದ್ಯಾರ್ಥಿಗಳನ್ನು ಹಿಂಬಾಲಿಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ದೂರದ ಅಪಾಯ ತೀರಾ ಕಡಿಮೆ ಎಂದುಕೊಂಡಿದ್ದವರು, ಹೆಚ್ಚು ಎಂದುಕೊಂಡಿದ್ದವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಾಗಿ ಸೇದಲು ಶುರುಮಾಡಿದರು. ಸೇದಿದರೆ ಲಾಭವಿದೆ, ಅಂದರೆ ಟೆನ್ಷನ್ ಇಳಿಯುತ್ತದೆ, ದೊಡ್ಡವರಂತೆ ಕಾಣುತ್ತೇವೆ ಎಂದೆಲ್ಲ ನಂಬಿದವರಲ್ಲೂ ಮೂರು ಪಟ್ಟಿನ ಮೇಲೆಯೇ. ಫಿಷರ್ ಇದ್ದಿದ್ದರೆ ಇಲ್ಲೂ ಎದ್ದು ನಿಲ್ಲುತ್ತಿದ್ದರು, ಇದೂ ಬರೀ ಸಹಸಂಬಂಧ ಅಲ್ಲವೇ ಅಂತ. ಪ್ರಶ್ನೆ ಸರಿಯೇ. ಸೇದುವವರ ನಂಬಿಕೆಯೂ ಸೇದುತ್ತಾ ಸೇದುತ್ತಾ ಬದಲಾಗುತ್ತದೆ. ಅದಕ್ಕೇ ಅವರು ನಂಬಿಕೆಯನ್ನು ಸೇದುವ ಮೊದಲೇ ಕೇಳಿ ಬರೆದುಕೊಂಡು, ಆಮೇಲೆ ಯಾರು ಶುರುಮಾಡಿದರು ಎಂದು ನೋಡಿದ್ದು. ಡಾಲ್ ಮತ್ತು ಹಿಲ್ ವೈದ್ಯರನ್ನು ಹಿಂಬಾಲಿಸಿದ ಹಾಗೆಯೇ.

ನಂಬಿಕೆ ಕಡಿಮೆಯಾದರೆ ಶುರು, ಶುರುವಾದ ಮೇಲೆ ನಂಬಿಕೆ ಇನ್ನೂ ಕಡಿಮೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪಾಸಿಟಿವ್ ಫೀಡ್‌ಬ್ಯಾಕ್ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈಗ ಎಲ್ಲರಿಗೂ ಗೊತ್ತಲ್ಲ, ಪ್ಯಾಕೆಟ್ ಮೇಲೆ ಚಿತ್ರವೇ ಇದೆಯಲ್ಲ ಅಂತ ಕೇಳಬಹುದು. ನಮ್ಮ ದೇಶದ 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಶೇಕಡಾ 92 ಮಂದಿ, ಸೇದಿದರೆ ಗಂಭೀರ ಕಾಯಿಲೆ ಬರುತ್ತದೆ ಎಂದೇ ಹೇಳಿದ್ದಾರೆ. ಆದರೂ ಅದೇ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡಾ 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುವವರು. ಈ ಗಂಟನ್ನು ಅಮೆರಿಕದಲ್ಲಿ ಇಬ್ಬರು ವಿದ್ವಾಂಸರು ಎರಡು ರೀತಿ ಬಿಡಿಸಿದರು. ಅರ್ಥಶಾಸ್ತ್ರಜ್ಞ ಕಿಪ್ ವಿಸ್ಕುಸಿ, 100 ಸೇದುವವರಲ್ಲಿ ಎಷ್ಟು ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ಕೇಳಿದಾಗ ಜನ ಸರಾಸರಿ 40ಕ್ಕೂ ಹೆಚ್ಚು ಎಂದರು. ನಿಜವಾದ ಅಂದಾಜು ಅದಕ್ಕಿಂತ ಬಹಳ ಕಡಿಮೆ. ಹಾಗಾದರೆ ಜನ ಅಪಾಯವನ್ನು ಹೆಚ್ಚೇ ಅಂದುಕೊಂಡು, ತಿಳಿದೇ ಸೇದುತ್ತಾರೆ ಎಂದು ಅವರು ತೀರ್ಮಾನಿಸಿದರು.

ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಒಪ್ಪಲಿಲ್ಲ. 100 ಜನರಿಗೆ ಏನಾಗುತ್ತದೆ ಅನ್ನುವುದು ಒಂದು ಪ್ರಶ್ನೆ, ನನಗೆ ಏನಾಗುತ್ತದೆ ಅನ್ನುವುದೇ ಇನ್ನೊಂದು. ಜೀವಮಾನವಿಡೀ ಸೇದಿದರೆ ಅಪಾಯ ಎಂದು ಹುಡುಗರು ಒಪ್ಪುತ್ತಾರೆ. ಆದರೆ ಮುಂದಿನ ಒಂದು ಸಿಗರೇಟಿನಿಂದ ಏನೂ ಆಗುವುದಿಲ್ಲ, ಹೇಗೂ ಸ್ವಲ್ಪ ದಿನಕ್ಕೆ ಬಿಟ್ಟುಬಿಡುತ್ತೇವೆ ಅಂದುಕೊಳ್ಳುತ್ತಾರೆ. ಅವರು ಕಡಿಮೆ ಅಂದಾಜು ಮಾಡುವುದು ಕ್ಯಾನ್ಸರನ್ನಲ್ಲ, ಚಟವನ್ನು. ಮತ್ತೆ ಮೊದಲಿನಿಂದ ಶುರುಮಾಡುವ ಅವಕಾಶವಿದ್ದರೆ ಸೇದುತ್ತಿದ್ದಿರಾ ಎಂದು ಸೇದುವವರನ್ನು ಕೇಳಿದಾಗ ಬಹುಪಾಲು ಜನ ಇಲ್ಲವೆಂದರು. ತಿಳಿದು ಆರಿಸಿಕೊಂಡವರು ಹೀಗೆ ಹೇಳುತ್ತಾರೆಯೇ?

ನಮ್ಮ ಸುತ್ತ ನೋಡಿದರೆ ಸ್ಲೋವಿಕ್ ಮಾತೇ ಸರಿ ಅನ್ನಿಸುತ್ತದೆ. ಕಾಲೇಜ್ ಗೇಟಿನ ಎದುರಿನ ಬೇಕರಿಯಲ್ಲಿ ಟೀ ಜೊತೆ ಒಂದೇ ಒಂದು ಹಚ್ಚುವವರಲ್ಲಿ ಯಾರಿಗೂ ಪ್ಯಾಕೆಟ್ಟಿನ ಚಿತ್ರ ಸುಳ್ಳು ಅಂತ ಅನ್ನಿಸಿಲ್ಲ. ಇಂಟರ್ನಲ್ಸ್ ಮುಗಿಯಲಿ, ಪ್ಲೇಸ್‌ಮೆಂಟ್ ಆಗಲಿ, ಆಮೇಲೆ ಬಿಡ್ತೀನಿ ಅಂತ ಅವರವರ ಲೆಕ್ಕ. ಆ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ತಂಬಾಕು ಶುರುಮಾಡುವ ಸರಾಸರಿ ವಯಸ್ಸು 18.9. ಅಂದರೆ ಸರಿಯಾಗಿ ಫಸ್ಟ್ ಇಯರ್, ಸೆಕೆಂಡ್ ಇಯರ್. ನಾವು ಕೂತಿರುವ ಬೆಂಚೇ ಅದು.

ಫಿಷರ್ ನಂಬದೇ ಹೋದ ಆ ಅಧ್ಯಯನ ಅವರು ತೀರಿಕೊಂಡ ಮೇಲೂ ನಡೆಯುತ್ತಲೇ ಇತ್ತು. 2004ರಲ್ಲಿ ಡಾಲ್ ಮತ್ತು ಸಂಗಡಿಗರು ಐವತ್ತು ವರ್ಷದ ಲೆಕ್ಕ ಕೊಟ್ಟರು. ಬಿಡದೇ ಸೇದಿದ ವೈದ್ಯರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡಿದ್ದರು. 50ನೇ ವಯಸ್ಸಿನಲ್ಲಿ ಬಿಟ್ಟವರು ಆ ಹತ್ತರಲ್ಲಿ ಸುಮಾರು 6 ವರ್ಷ ಉಳಿಸಿಕೊಂಡರು, 40ರಲ್ಲಿ ಬಿಟ್ಟವರು 9, 30ರಲ್ಲಿ ಬಿಟ್ಟವರು ಬಹುತೇಕ ಎಲ್ಲವನ್ನೂ. ಈ ಅಂಕಿಗಳನ್ನು ಅಳೆಯಲು ಬಳಸುವ ಅಳತೆಗೋಲುಗಳಲ್ಲಿ ಹಲವು ಫಿಷರ್ ಅವರೇ ಮಾಡಿಕೊಟ್ಟದ್ದು. ಆ ಋಣವನ್ನು ನಾವು ಮರೆಯಬಾರದು. ಮುಂದಿನ ಸಲ ಎಫ್-ಟೇಬಲ್ ತೆಗೆದಾಗ ಅವರ ಹೆಸರನ್ನು ಒಮ್ಮೆ ನೆನೆಯೋಣ, ಅವರ ಪೈಪನ್ನೂ ನೆನೆಯೋಣ. ಈಗಾಗಲೇ ಶುರುಮಾಡಿರುವ ಗೆಳೆಯರಿಗೆ ಮೂವತ್ತು ವರ್ಷ ತುಂಬಲು ಇನ್ನೂ ಹತ್ತು ವರ್ಷವಿದೆ. ಆದರೆ ಪ್ಲೇಸ್‌ಮೆಂಟ್ ಆದ ಮೇಲೆ ನೋಡೋಣ ಅನ್ನುವುದು ಬೇಡ.